ತಪ್ಪಾದರೆ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳುವ ಧೈರ್ಯ ಇದೆಯಾ?

ನಮಸ್ಕಾರ. ವಾರ್ಡ್ ಬದಲಾದಾಗ ನರ್ಸ್‌ಗಳು ಮೊದಲು ಕೇಳೋದು, ಅಲ್ಲಿ ಇನ್‌ಚಾರ್ಜ್ ಯಾರು ಅಂತ. ಎಷ್ಟು ಬೆಡ್ ಅನ್ನೋದು ಆಮೇಲೆ. ನಮ್ಮ ಕಲಬುರಗಿಯಲ್ಲೂ ಹಾಗೇ.

ಒಳ್ಳೆಯ ಇನ್‌ಚಾರ್ಜ್ ಅಂದರೆ ಯಾರು? ನೈಟ್ ಡ್ಯೂಟಿ ಎಲ್ಲರಿಗೂ ಸಮನಾಗಿ ಹಾಕುವವರು, ಕಷ್ಟ ಅಂದಾಗ ರಜೆ ಕೊಡುವವರು. ಸರಿಯೇ. ಆದರೆ ನಾನು ನೋಡೋದು ಬೇರೆ. ಔಷಧಿ ಕೊಡುವಾಗ ತಪ್ಪಾದರೆ, ಆ ನರ್ಸ್ ಓಡಿ ಬಂದು ಇನ್‌ಚಾರ್ಜ್‌ಗೆ ಹೇಳುತ್ತಾಳಾ, ಮುಚ್ಚಿಡುತ್ತಾಳಾ?

ಇನ್ಸುಲಿನ್ 4 ಯೂನಿಟ್ ಕೊಡುವಲ್ಲಿ 14 ಹೋಯಿತು ಅಂದುಕೊಳ್ಳಿ. ಕೂಡಲೇ ಹೇಳಿದರೆ ಡಾಕ್ಟರ್ ಬರುತ್ತಾರೆ, ಮತ್ತೆ ಮತ್ತೆ ಶುಗರ್ ನೋಡಿಸುತ್ತಾರೆ, ಇಳಿದರೆ ಗ್ಲೂಕೋಸ್ ಕೊಡುತ್ತಾರೆ. ಮುಚ್ಚಿಟ್ಟರೆ? ನಡುರಾತ್ರಿ ರೋಗಿಗೆ ಎಚ್ಚರ ತಪ್ಪಿದರೂ, ನಿದ್ದೆ ಮಾಡ್ತಿದ್ದಾರೆ ಅಂತಲೇ ಎಲ್ಲರೂ ಅಂದುಕೊಳ್ಳಬಹುದು.

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಇದನ್ನೇ ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು, ಅಲ್ವಾ? ಲೆಕ್ಕ ಉಲ್ಟಾ ಬಂತು. ಮೇಲಿನವರು ಚೆನ್ನಾಗಿ ನಡೆಸುತ್ತಿದ್ದ ಕಡೆಯೇ ದಾಖಲಾದ ತಪ್ಪು ಜಾಸ್ತಿ! ಅಲ್ಲಿನ ನರ್ಸ್‌ಗಳು ಹೇಳಲು ಹೆದರುತ್ತಿರಲಿಲ್ಲ, ಅದಕ್ಕೇ ಜಾಸ್ತಿ ಕಂಡಿತು ಅಂತ ಅವರು ವಿವರಿಸಿದರು.

‘ಲಕ್ಷ್ಯ ಎಲ್ಲದ ನಿಮ್ದು?’ ಅಂತ ರೋಗಿಯ ಕಡೆಯವರ ಮುಂದೆಯೇ ಗದರಿಸಿ, ಮರುದಿನ ಮೆಮೊ ಕೊಟ್ಟರೆ ಮುಂದಿನ ಸಲ ಯಾರು ಬಾಯಿ ಬಿಡುತ್ತಾರೆ? ಆ ವಾರ್ಡ್‌ನ ರಿಜಿಸ್ಟರ್‌ನಲ್ಲಿ ಒಂದೂ ತಪ್ಪು ಇರುವುದಿಲ್ಲ. ನನಗೆ ಭಯವಾಗೋದು ಅಂಥ ರಿಜಿಸ್ಟರ್ ನೋಡಿದಾಗಲೇ.

ಇನ್‌ಚಾರ್ಜ್‌ಗಳ ಕಷ್ಟವೂ ದೊಡ್ಡದು. ಮೆಡಿಕಲ್ ಕಾಲೇಜು ಆಸ್ಪತ್ರೆಯ ಜನರಲ್ ವಾರ್ಡ್‌ನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಕೌನ್ಸಿಲ್. ಆಳಂದ, ಜೇವರ್ಗಿ, ಸೇಡಂ, ಅಫಜಲಪುರದಿಂದ ರೋಗಿಗಳು ಇಲ್ಲಿಗೇ ಬರುತ್ತಾರೆ. ಕೈ ಕಡಿಮೆ ಇದ್ದಾಗ ಡ್ಯೂಟಿ ಚಾರ್ಟ್ ಹಾಕುವವರೂ ಅವರೇ, ಮೇಲಿನಿಂದ ಬೈಸಿಕೊಳ್ಳುವವರೂ ಅವರೇ. ಆ ಸಿಟ್ಟು ಕೆಳಗೆ ಇಳಿಯುತ್ತದೆ. ಅರ್ಥವಾಗುತ್ತದೆ, ಆದರೆ ಒಪ್ಪಲಾಗದು.

ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳಿಗೆ ನನ್ನ ಕೋರಿಕೆ ಇಷ್ಟೇ. ತಪ್ಪು ತಾವಾಗಿ ಹೇಳಿದವರಿಗೆ ಆ ದಿನವೇ ಮೆಮೊ ಬೇಡ. ಮೊದಲು ರೋಗಿಯನ್ನು ನೋಡಿ, ಆಮೇಲೆ ತಪ್ಪು ಹೇಗಾಯಿತು ಅಂತ ಕೂತು ಕೇಳಿ. ಇನ್ನೊಬ್ಬರನ್ನು ಇನ್‌ಚಾರ್ಜ್ ಮಾಡುವಾಗ ಸುಮ್ನೆ ಸೀನಿಯಾರಿಟಿ ನೋಡಬೇಡಿ, ಅವರ ಜೊತೆ ನೈಟ್ ಡ್ಯೂಟಿ ಮಾಡಿದ ಕಿರಿಯ ನರ್ಸ್‌ಗಳನ್ನೂ ಒಂದು ಮಾತು ಕೇಳಿ.