ಹೊಸ ಕೋಚ್ ಬಂದಾಗ ನಾವು ಏನು ಕೇಳಬೇಕು?

ಎಲ್ಲರಿಗೂ ನಮಸ್ಕಾರ.

ಇವತ್ತು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಬಗ್ಗೆ ಮಾತಾಡುತ್ತೇನೆ. ಕೆಂಟಕಿ ರಾಜ್ಯದಲ್ಲಿ ಎನ್‌ಬಿಎ ಎಂಬ ವೃತ್ತಿಪರ ಲೀಗ್‌ನ ತಂಡ ಇಲ್ಲ. ಹಾಗಾಗಿ ಲೆಕ್ಸಿಂಗ್ಟನ್ ನಗರದ ಈ ಕಾಲೇಜು ತಂಡ ಅಂದರೆ ಜನಕ್ಕೆ ಪ್ರಾಣ. ಎಂಟು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ. ಅಲ್ಲಿ ಕೋಚ್ ಆದವರು ಊರೂರಿಗೂ ಉತ್ತರ ಕೊಡಬೇಕು.

ಜಾನ್ ಕ್ಯಾಲಿಪಾರಿ ಅಲ್ಲಿ 15 ವರ್ಷ ಕೋಚ್ ಆಗಿದ್ದರು. 2012ರಲ್ಲಿ ಚಾಂಪಿಯನ್ ಪಟ್ಟ ತಂದರು. ಆದರೆ 2022ರಲ್ಲಿ ಸೇಂಟ್ ಪೀಟರ್ಸ್, 2024ರಲ್ಲಿ ಓಕ್ಲಂಡ್ ಎಂಬ ಚಿಕ್ಕ ತಂಡಗಳು ಎನ್‌ಸಿಎಎ ಟೂರ್ನಿಯ, ಅಂದರೆ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕಾಲೇಜು ಟೂರ್ನಿಯ, ಮೊದಲ ಸುತ್ತಿನಲ್ಲೇ ಕೆಂಟಕಿಯನ್ನು ಸೋಲಿಸಿದವು. ಜನರ ತಾಳ್ಮೆ ಮುಗಿಯಿತು. ಕ್ಯಾಲಿಪಾರಿ ಅರ್ಕಾನ್ಸಾ ವಿಶ್ವವಿದ್ಯಾಲಯಕ್ಕೆ ಹೋದರು, ಮಾರ್ಕ್ ಪೋಪ್ ಬಂದರು.

ಪೋಪ್ ಕೆಂಟಕಿಯದೇ 1996ರ ಚಾಂಪಿಯನ್ ತಂಡದ ನಾಯಕರಾಗಿದ್ದವರು. ಆದರೂ ಹೆಸರು ಹೊರಬಿದ್ದಾಗ ತುಂಬಾ ಜನ ಮುಖ ಸಣ್ಣ ಮಾಡಿದರು. ಕೋಚ್ ಆಗಿ ಆ ಟೂರ್ನಿಯಲ್ಲಿ ಅವರು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಎರಡೇ ದಿನ ಕಳೆದಿತ್ತು, ಅವರ ಪರಿಚಯ ಕಾರ್ಯಕ್ರಮಕ್ಕೆ ತಂಡದ ತವರು ಕ್ರೀಡಾಂಗಣ ರಪ್ ಅರೀನಾ ಭರ್ತಿಯಾಯಿತು. ಪಂದ್ಯ ಇಲ್ಲ, ಬರೀ ಭಾಷಣ! ಈ ಪ್ರೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರು ಇರುವುದು ಅದರ ಹಿಂದೆಯೇ ಬರುವ ಅವಸರದ ಮೇಲೆ.

ಟಬಿ ಸ್ಮಿತ್ ಅವರನ್ನು ನೋಡಿ. ಅವರೂ ಕೆಂಟಕಿ ಕೋಚ್ ಆಗಿದ್ದವರೇ. ಮೊದಲ ವರ್ಷ, 1998ರಲ್ಲೇ, ಚಾಂಪಿಯನ್. ಆ ಗೆಲುವೇ ಅವರಿಗೆ ಅಳತೆಗೋಲಾಯಿತು. ಆಮೇಲೆ ಕೊನೆಯ ನಾಲ್ಕರ ಘಟ್ಟ ಮುಟ್ಟಲಿಲ್ಲ ಎಂದು ವರ್ಷ ವರ್ಷವೂ ಗೊಣಗಾಟ. 2007ರಲ್ಲಿ ಅವರು ಮಿನೆಸೋಟಾಗೆ ಹೋದರು. ನಂತರ ಬಂದ ಬಿಲ್ಲಿ ಗಿಲ್ಲಿಸ್ಪಿ ಇದ್ದದ್ದು ಎರಡೇ ವರ್ಷ. 2009ರಲ್ಲಿ ತಂಡಕ್ಕೆ ಎನ್‌ಸಿಎಎ ಟೂರ್ನಿಯಲ್ಲಿ ಜಾಗವೇ ಸಿಗಲಿಲ್ಲ. ಮೊದಲ ವರ್ಷದ ಕಪ್ ನೋಡಿ ಮುಂದಿನ ವರ್ಷಗಳನ್ನು ಅಳೆದರೆ ಯಾವ ಕೋಚ್ ತಾನೇ ಉಳಿಯುತ್ತಾರೆ?

ಈಗಂತೂ ಕೋಚ್ ಬದಲಾದರೆ ತಂಡವೇ ಬದಲಾಗುತ್ತದೆ. ಆಟಗಾರರು ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸುಲಭವಾಗಿ ಹೋಗಬಹುದು. ಪೋಪ್ ಬಂದಾಗ, ಹಿಂದಿನ ವರ್ಷ ಸ್ಕಾಲರ್‌ಶಿಪ್ ಮೇಲೆ ಆಡಿದ್ದವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಲಮಾಂಟ್ ಬಟ್ಲರ್ ಸ್ಯಾನ್ ಡಿಯಾಗೊ ಸ್ಟೇಟ್‌ನಿಂದ, ಕೋಬಿ ಬ್ರೇ ಡೇಟನ್‌ನಿಂದ, ಒಟೇಗಾ ಓವೇ ಒಕ್ಲಹೋಮಾದಿಂದ ಬಂದರು. ಜ್ಯಾಕ್ಸನ್ ರಾಬಿನ್ಸನ್ ಮಾತ್ರ ಪೋಪ್ ಅವರ ಹಳೆಯ ಶಿಷ್ಯ. ಒಬ್ಬರ ಆಟ ಇನ್ನೊಬ್ಬರಿಗೆ ಗೊತ್ತಿಲ್ಲದ ಈ ಹುಡುಗರು ನವೆಂಬರ್‌ನಲ್ಲಿ ಡ್ಯೂಕ್ ತಂಡವನ್ನು 77-72ರಿಂದ ಸೋಲಿಸಿದರು. ಟೆನೆಸ್ಸೀಯನ್ನು ಲೀಗ್‌ನಲ್ಲಿ ಎರಡು ಸಲ ಸೋಲಿಸಿದರು. ಅದೇ ಟೆನೆಸ್ಸೀ ಮಾರ್ಚ್‌ನಲ್ಲಿ ಎನ್‌ಸಿಎಎ ಟೂರ್ನಿಯ ಕೊನೆಯ 16ರ ಸುತ್ತಿನಲ್ಲಿ ಇವರನ್ನು ಮನೆಗೆ ಕಳಿಸಿತು. ಆ ಹೊತ್ತಿಗೆ ರಾಬಿನ್ಸನ್ ಮಣಿಕಟ್ಟಿನ ಗಾಯದಿಂದ ಹೊರಗಿದ್ದರು. ಆ ವರ್ಷ ಒಟ್ಟು 24 ಗೆಲುವು, 12 ಸೋಲು. 2019ರ ನಂತರ ಕೆಂಟಕಿ ಆ ಸುತ್ತು ಮುಟ್ಟಿದ್ದು ಇದೇ ಮೊದಲು.

ಇದು ಸಾಕಾ? ಸಾಲದು, ಅಲ್ವಾ? ಎಂಟು ಪಟ್ಟ ಗೆದ್ದ ತಂಡದಿಂದ ಒಂಬತ್ತನೆಯದನ್ನು ಕೇಳುವುದು ತಪ್ಪಲ್ಲ. ಆದರೆ ಹೊಸ ಕೋಚ್‌ಗೆ ಮೊದಲ ವರ್ಷ ಕೇಳಬೇಕಾದ ಪ್ರಶ್ನೆಗಳೇ ಬೇರೆ. ನವೆಂಬರ್‌ಗಿಂತ ಫೆಬ್ರವರಿಯಲ್ಲಿ ಡಿಫೆನ್ಸ್ ಸುಧಾರಿಸಿತಾ? ಮುಖ್ಯ ಆಟಗಾರ ಗಾಯಗೊಂಡಾಗ ಬೇರೆ ದಾರಿ ಹುಡುಕಿದರಾ? ಇನ್ನೂ ಆಡಲು ಅವಕಾಶ ಇರುವ ಹುಡುಗರು ಮುಂದಿನ ವರ್ಷವೂ ಇಲ್ಲೇ ಇರಲು ಬಯಸುತ್ತಾರಾ? ನನಗೆ ಈ ಮೂರನೆಯದೇ ಎಲ್ಲಕ್ಕಿಂತ ಜಾಸ್ತಿ ಮುಖ್ಯ. ಮಾರ್ಚ್‌ನ ಟೂರ್ನಿಯ ಲೆಕ್ಕವನ್ನು ಮೂರನೇ ವರ್ಷ ಕೇಳೋಣ, ಆಗ ಬಿಗಿಯಾಗಿಯೇ ಕೇಳೋಣ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.