ಎರಡನೇ ವರ್ಷಕ್ಕೆ ನೇರ ಬಂದವರ ಕೈಗೆ ಸುತ್ತಿಗೆ ಕೊಡುವವರು ಯಾರು?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಈ ಬಿಸಿಲಲ್ಲಿ ಜಿಯಾಲಜಿ, ಅಂದರೆ ಭೂವಿಜ್ಞಾನದ, ಕಲ್ಲಿನ ವಿಷಯ ಕೇಳಲು ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಫ್ಯಾನಿನ ಕೆಳಗಿನ ಸಾಲೇ ಮೊದಲು ತುಂಬಿದ್ದನ್ನೂ ನೋಡಿದೆ.

ಅಡ್ಮಿಷನ್ ಸಮಯ ಬಂತೆಂದರೆ ತಂದೆ ತಾಯಿಯರದ್ದು ಒಂದೇ ಪ್ರಶ್ನೆ. "ಸರ್, ಮಗಳು ಒಂದು ವರ್ಷ ಬೇರೆ ಕಡೆ ಓದಿದ್ದಾಳೆ. ಜಿಯಾಲಜಿಗೆ ನೇರ ಎರಡನೇ ವರ್ಷಕ್ಕೆ ಸೇರಿಸಬಹುದಾ? ಒಂದು ವರ್ಷ ಉಳಿಯುತ್ತಲ್ಲ." ಸೀಟು ಸಿಕ್ಕರೆ ಸೇರಿಸಿ ಅಂತಲೇ ನಾನೂ ಹೇಳುತ್ತೇನೆ. ನನ್ನ ತಕರಾರು ಇರುವುದು ಆ 'ಉಳಿಯುತ್ತೆ' ಅನ್ನುವ ಲೆಕ್ಕದ ಮೇಲೆ.

ಮೊದಲು ಎಷ್ಟು ವರ್ಷದ ಡಿಗ್ರಿಯಲ್ಲಿ ಎರಡನೇ ವರ್ಷ ಅಂತ ಕೇಳಿ. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಡಿಗ್ರಿ 4 ವರ್ಷ. ಬ್ರಿಟನ್ನಿನ ಶಾಲೆಯ ಕೊನೆಯ ಪರೀಕ್ಷೆಗಳಾದ ಅಡ್ವಾನ್ಸ್ಡ್ ಹೈಯರ್ ಅಥವಾ ಎ ಲೆವೆಲ್‌ನಲ್ಲಿ ಒಳ್ಳೆಯ ಗ್ರೇಡ್ ಬಂದವರನ್ನು ಅಲ್ಲಿ ಕೆಲವು ಕೋರ್ಸ್‌ಗಳು ನೇರ ಎರಡನೇ ವರ್ಷಕ್ಕೆ ತಗೊಳ್ಳುತ್ತವೆ. ಆಮೇಲೂ ಅವರಿಗೆ 3 ವರ್ಷ ಓದು ಇದ್ದೇ ಇದೆ. ಇಂಗ್ಲೆಂಡಿನ ಡಿಗ್ರಿ ಸಾಮಾನ್ಯವಾಗಿ ಇರುವುದೇ 3 ವರ್ಷ. ಅಲ್ಲಿ ಎರಡನೇ ವರ್ಷಕ್ಕೆ ಹೋದರೆ ಅರ್ಥ ಬೇರೆ, ಓದಲು ಉಳಿಯುವುದೇ 2 ವರ್ಷ. ನಮ್ಮ ರಾಜ್ಯದ ಕಥೆ ನಿಮಗೇ ಗೊತ್ತು. 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್. ನಡುವೆ ಸಿಕ್ಕಿಕೊಂಡ ಹುಡುಗರು ಇಲ್ಲೂ ಕೂತಿರಬಹುದು, ಕೈ ಎತ್ತೋದು ಬೇಡ.

ಎಂಜಿನಿಯರಿಂಗ್‌ನವರು ಒಂದು ಜಾಣತನ ಮಾಡಿದ್ದಾರೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎರಡನೇ ವರ್ಷಕ್ಕೆ ಬರುತ್ತಾರಲ್ಲ, ಅವರಿಗೆ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಹೆಚ್ಚುವರಿ ಗಣಿತ ಇಟ್ಟಿತು. ತಪ್ಪಿಹೋದದ್ದು ಗಣಿತ, ಕಟ್ಟಿಕೊಟ್ಟದ್ದೂ ಗಣಿತ. ಸರಿಯಾಗಿದೆ ಅಲ್ವಾ? ಜಿಯಾಲಜಿಯಲ್ಲಿ ತಪ್ಪಿಹೋಗುವುದು ಫೀಲ್ಡು, ಅಂದರೆ ಹೊರಗೆ ಹೋಗಿ ಕಲ್ಲು ನೋಡಿ ಕಲಿಯುವ ಪಾಠ. ಅದನ್ನು ಯಾರು ಕಟ್ಟಿಕೊಡುತ್ತಾರೆ? ಅಂಕಪಟ್ಟಿ ನೋಡುತ್ತಾರೆ, ಓದಿದ ವಿಷಯಗಳಿಗೆ ಸಿಕ್ಕ ಕ್ರೆಡಿಟ್ ಕೂಡಿಸುತ್ತಾರೆ. ಹುಡುಗನ ಕೈಗೆ ಒಂದು ಕಲ್ಲು ಕೊಟ್ಟು 'ಇದೇನಪ್ಪ?' ಅಂತ ಯಾರೂ ಕೇಳುವುದಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಸಂಘಟಕರು ಕ್ಷಮಿಸಬೇಕು. ಹೀಗೇ ನೇರ ಬಂದ ಹುಡುಗನೊಬ್ಬ, ಭಾರಿ ಚುರುಕು. ಖನಿಜಗಳ ಗಡಸುತನ ಹೇಳುವ 1ರಿಂದ 10ರ ಮೋಸ್ ಸ್ಕೇಲನ್ನು ಹಿಂದುಮುಂದಾಗಿ ಹೇಳುತ್ತಿದ್ದ. ಕಮಲಾಪುರದ ಕಡೆ ಫೀಲ್ಡಿಗೆ ಹೋಗಿದ್ದೆವು. ಅರ್ಧ ಕ್ಲಾಸು ಕೆಂಪು ಬಾಳೆಹಣ್ಣಿನ ಗಾಡಿಯ ಹತ್ತಿರವೇ ಕರಗಿತು, ಅದು ಬೇರೆ ಮಾತು. ಇವನು ಮಾತ್ರ ರಸ್ತೆ ಕಡಿದಲ್ಲಿ ಒಂದು ಕರಿಕಲ್ಲು ಹಿಡಿದು ಆಸಿಡ್ ಹನಿ ಬಿಟ್ಟ. ಬುಸ್ ಅಂತ ನೊರೆ! "ಸರ್, ಲೈಮ್‌ಸ್ಟೋನ್!" ಅಂತ ಕೂಗಿದ. ಸುಣ್ಣಕಲ್ಲಿಗೆ ಆಸಿಡ್ ಬಿದ್ದರೆ ನೊರೆ ಬರುತ್ತದೆ, ಅದು ಅವನ ಲೆಕ್ಕ. ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬಾಳೆಹಣ್ಣು ತಿನ್ನುತ್ತಿದ್ದವರೂ ಓಡಿ ಬಂದು ಬರೆದುಕೊಂಡರು!

ನಮ್ಮ ಜೊತೆ ಶಹಾಬಾದ್ ಕಡೆಯ ಹುಡುಗಿಯೊಬ್ಬಳಿದ್ದಳು. ಅವಳ ಅಪ್ಪ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಖಣಿಯಲ್ಲಿ ಕೆಲಸ ಮಾಡಿದವರು. ಅವಳು ಕಲ್ಲನ್ನು ಕೈಯಲ್ಲಿ ತೂಗಿ ನೋಡಿದಳು. "ಇದು ನಮ್ಮೂರ ಕಲ್ಲಲ್ಲ ಸರ್, ಭಾರ ಜಾಸ್ತಿ ಅದ. ಪದರಾನೂ ಬಿಡಂಗಿಲ್ಲ" ಅಂದಳು. ಅಷ್ಟೇ. ಆ ಕಲ್ಲು ಬಸಾಲ್ಟ್, ಲಾವಾ ಗಟ್ಟಿಯಾಗಿ ಆದದ್ದು. ಲಾವಾ ತಣ್ಣಗಾಗುವಾಗ ಗಾಳಿಗುಳ್ಳೆಗಳು ಉಳಿಯುತ್ತವೆ, ಆಮೇಲೆ ನೀರು ಅದರೊಳಗೆ ಬಿಳಿ ಕ್ಯಾಲ್ಸೈಟ್ ತುಂಬುತ್ತದೆ, ಸುಣ್ಣಕಲ್ಲಿನಲ್ಲಿರುವ ಖನಿಜವೂ ಅದೇ. ಹುಡುಗನ ಹನಿ ಸರಿಯಾಗಿ ಆ ಬಿಳಿ ಚುಕ್ಕೆಯ ಮೇಲೆ ಬಿದ್ದಿತ್ತು. ಒಂದು ಇಂಚು ಪಕ್ಕಕ್ಕೆ ಬಿಟ್ಟಿದ್ದರೆ ನೊರೆಯೇ ಇಲ್ಲ. ಚಾಕುವಿನಲ್ಲಿ ಗೀರಿದ್ದರೂ ಗೊತ್ತಾಗುತ್ತಿತ್ತು. ಕ್ಯಾಲ್ಸೈಟ್ ಗಡಸುತನ 3, ಬೆಣ್ಣೆಯಂತೆ ಗೀರುತ್ತದೆ. ಸುತ್ತಲಿನ ಕರಿಕಲ್ಲು ಹಾಗೆ ಬಗ್ಗುವುದಿಲ್ಲ.

ಹುಡುಗ ದಡ್ಡನಲ್ಲ. ಮೊದಲ ವರ್ಷ ಇಂಥ ಐವತ್ತು ಕಲ್ಲು ಕೈಗೆ ಬಂದು ಹೋಗಬೇಕಿತ್ತು, ಬರಲಿಲ್ಲ. ಎರಡನೇ ವರ್ಷ ಅವನನ್ನು ಸೀದಾ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. 0.03 ಮಿಲಿಮೀಟರ್ ದಪ್ಪಕ್ಕೆ ತೇಯ್ದ ಕಲ್ಲಿನ ಬಣ್ಣ ನೋಡುತ್ತಾನೆ, ಇಡೀ ಕಲ್ಲನ್ನು ನೋಡಿಲ್ಲ. ಇನ್ನು ಆ ಹುಡುಗಿ. ಅವಳಿಗೆ ಕ್ರೆಡಿಟ್ ಕೊಡುವ ಬ್ಯಾಂಕು ಯಾವುದಿದೆ? ಯುಜಿಸಿ 2021ರಲ್ಲಿ ವಿದ್ಯಾರ್ಥಿಗಳ ಕ್ರೆಡಿಟ್ ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ತೆರೆಯಿತು, ಒಳ್ಳೆಯದೇ. ಖಣಿಯಲ್ಲಿ ಅಪ್ಪನಿಂದ ಕಲಿತದ್ದನ್ನು ಅದರಲ್ಲಿ ಜಮಾ ಮಾಡುವ ಕೌಂಟರ್ ನಾನಂತೂ ನೋಡಿಲ್ಲ.

ಹಾಗಾಗಿ ನನ್ನ ಬೇಡಿಕೆ ಒಂದೇ. ನೇರ ಬರುವವರಿಗೆ ಕ್ಲಾಸು ಶುರುವಾಗುವ ಮೊದಲೇ ಒಂದು ಫೀಲ್ಡ್ ಕ್ಯಾಂಪ್ ಕಡ್ಡಾಯ ಮಾಡಿ. ಇದಕ್ಕೆ ನಮ್ಮಷ್ಟು ಅನುಕೂಲದ ಜಾಗ ಕಡಿಮೆ. ಯಾದಗಿರಿ ಕೋಟೆಯ ಗುಡ್ಡದಲ್ಲಿ ಗ್ರಾನೈಟ್, ಸುಮಾರು 250 ಕೋಟಿ ವರ್ಷದ ಮಾತು. ಶಹಾಬಾದ್, ವಾಡಿ, ಸೇಡಂ ಕಡೆ ಭೀಮಾ ಸುಣ್ಣಕಲ್ಲು. ಸಿಮೆಂಟ್ ಫ್ಯಾಕ್ಟರಿಗಳು ಅಲ್ಲಿ ಸುಮ್ನೆ ಕೂತಿಲ್ಲ. ಆಳಂದ, ಕಮಲಾಪುರದಲ್ಲಿ 6.6 ಕೋಟಿ ವರ್ಷದ ಹಿಂದಿನ ಲಾವಾ. ನಮ್ಮ ತೊಗರಿಯ ಕರಿಮಣ್ಣು ಹೆಚ್ಚಾಗಿ ಅದರದ್ದೇ. ಒಂದು ಬಸ್ ಪಾಸಿನಲ್ಲಿ ಇಷ್ಟೂ ಸಿಗುತ್ತದೆ! ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜಿಯಾಲಜಿ ವಿಭಾಗವೂ ಇದೆ. ಕ್ಯಾಂಪಿಗೆ ಬೇಕಾದದ್ದು ಪದರದ ಓರೆ ಅಳೆಯುವ ಕ್ಲೈನೋಮೀಟರ್, ಸುತ್ತಿಗೆ, ನೆಲದ ಏರಿಳಿತ ತೋರಿಸುವ ನಕ್ಷೆ ಟೋಪೋಶೀಟ್, ನೀರಿನ ಬಾಟಲಿ. ನೀರು ಎರಡು ಬಾಟಲಿ ಇರಲಿ.

ಚೀಟಿ ಬಂತು. ಐದು ನಿಮಿಷ ಅಂತೆ. ಬೀದರಿನ ಮುರಕಲ್ಲು ಮತ್ತು ನೆಲದೊಳಗೆ ನೀರು ಹರಿಸುವ ಹಳೆಯ ಸುರಂಗ ಬಾವಿಯ ಬಗ್ಗೆ ತಯಾರಿ ಮಾಡಿಕೊಂಡು ಬಂದಿದ್ದೆ, ಬಿಡೋಣ. ಮೇಲಿನ ಮುರಕಲ್ಲು ನೀರು ಬಿಡುತ್ತದೆ, ಕೆಳಗಿನ ಬಸಾಲ್ಟ್ ತಡೆಯುತ್ತದೆ. ಅಷ್ಟು ನೆನಪಿಟ್ಟುಕೊಂಡು ಒಮ್ಮೆ ಹೋಗಿ ನೋಡಿ. ಭೂಕಂಪದ ವಿಷಯವೂ ಇತ್ತು. 1993ರ ಕಿಲ್ಲಾರಿ ಹಿರಿಯರಿಗೆ ನೆನಪಿದೆ, 2021ರಲ್ಲಿ ಗಡಿಕೇಶ್ವರದಲ್ಲಿ ನೆಲದೊಳಗಿಂದ ಕೇಳಿದ ಸದ್ದು ಕಿರಿಯರಿಗೆ. ಅದಕ್ಕೆ ಇನ್ನೊಂದು ದಿನ ಕರೆಯಿರಿ.

ನೌಕರಿ ಕೇಳುವವರಿಗೆ ಎರಡೇ ಮಾತು. ಕೇಂದ್ರ ಸರ್ಕಾರದ ಜಿಯಾಲಾಜಿಕಲ್ ಸರ್ವೆಗೆ ಸೇರಲು ಯುಪಿಎಸ್‌ಸಿ ಪರೀಕ್ಷೆ ಬರೆಯಲು ಎಂಎಸ್ಸಿ ಬೇಕು. ಎಂಎಸ್ಸಿಗೆ ಅರ್ಜಿ ಹಾಕುವಾಗ ಡಿಗ್ರಿಯ ಎಲ್ಲಾ ವರ್ಷಗಳ ದಾಖಲೆ ಕೇಳಬಹುದು. ಹಾಗಾಗಿ ನೇರ ಸೇರಿದವರು ಹಳೆಯ ಕಾಲೇಜಿನ ಅಂಕಪಟ್ಟಿ, ಸಿಲಬಸ್ ಪ್ರತಿ, ಕ್ರೆಡಿಟ್ ಒಪ್ಪಿದ ಪತ್ರ ಮೂರನ್ನೂ ಸೀಲ್ ಹಾಕಿಸಿ ಇಟ್ಟುಕೊಳ್ಳಿ.

ಮೇಜಿನ ಮೇಲೆ ಐದು ಕಲ್ಲು ಇಟ್ಟಿದ್ದೇನೆ, ಹೆಸರು ಬರೆದಿಲ್ಲ. ಹೋಗುವ ಮೊದಲು ಎತ್ತಿ ನೋಡಿ. ತಂದೆ ತಾಯಿಯರೂ ಬನ್ನಿ.