ಸಾರ್, ಒಂದ್ಸಲ ಕಾರ್ಡ್ ತೋರಿಸಿಬಿಡಿ

ಕೇಳುಗರಿಗೆ ನಮಸ್ಕಾರ.

ಎರಡೂ ಕೈಯಲ್ಲಿ ಕೇಕಿನ ಡಬ್ಬ ಹಿಡಿದವರೊಬ್ಬರು ನಿಮ್ಮ ಹಿಂದೆಯೇ ಬರುತ್ತಿದ್ದಾರೆ. ನೀವು ಕಾರ್ಡ್ ತೋರಿಸಿದಿರಿ, ಆಫೀಸಿನ ಬಾಗಿಲು ತೆರೆಯಿತು. ಅವರಿಗಾಗಿ ಬಾಗಿಲು ಹಿಡಿದು ನಿಲ್ಲುತ್ತೀರಿ, ಅಲ್ವಾ? ನಾನೂ ನಿಂತಿದ್ದೆ. ಯಾರದ್ದೋ ಹುಟ್ಟುಹಬ್ಬ ಅಂದುಕೊಂಡೆ. ಅವತ್ತು ನಮ್ಮಲ್ಲಿ ಯಾರೂ ಕೇಕ್ ಕತ್ತರಿಸಲೇ ಇಲ್ಲ ಅನ್ನೋದು ಹೊಳೆದದ್ದು ಸಂಜೆ, ಬಸ್ಸಿನಲ್ಲಿ.

ಹೀಗೆ ತಮ್ಮ ಕಾರ್ಡ್ ತೋರಿಸದೆ ಇನ್ನೊಬ್ಬರ ಬೆನ್ನಿಗೇ ಒಳಗೆ ಬರೋದಕ್ಕೆ ಟೇಲ್‌ಗೇಟಿಂಗ್ ಅಂತ ಹೆಸರು. ಬೆಂಗಳೂರಿನ ಐಟಿ ಮಂದಿಗೆ ಪದ ಹೊಸದಲ್ಲ. ಕಂಪ್ಯೂಟರಿನಲ್ಲಿ ತರಬೇತಿ ಬರುತ್ತದೆ, ಸುಮ್ನೆ ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತಿ ಮುಗಿಸುತ್ತೇವೆ.

2007ರ ಮಾರ್ಚ್. ಬೆಲ್ಜಿಯಂನ ಆಂಟ್ವರ್ಪ್, ವಜ್ರದ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿನ ಎಬಿಎನ್ ಆಮ್ರೊ ಬ್ಯಾಂಕಿನ ಲಾಕರುಗಳಿಂದ ಸುಮಾರು 1,20,000 ಕ್ಯಾರೆಟ್ ವಜ್ರ ಮಾಯವಾಯಿತು. ತೂಕ ಹಾಕಿದರೆ 24 ಕಿಲೋ, ಒಂದು ಅಕ್ಕಿ ಮೂಟೆಯಷ್ಟು! ಗುಂಡು ಹಾರಲಿಲ್ಲ, ಗೋಡೆ ಒಡೆಯಲಿಲ್ಲ. ಕದ್ದ ಪಾಸ್‌ಪೋರ್ಟಿನ ಹೆಸರು ಹೇಳಿಕೊಂಡು ಬಂದವನೊಬ್ಬ ಒಳ್ಳೆಯ ಗಿರಾಕಿಯಾಗಿ ಓಡಾಡಿಕೊಂಡಿದ್ದ. ಸಿಬ್ಬಂದಿಗೆ ಚಾಕೊಲೇಟ್ ತಂದುಕೊಡುತ್ತಿದ್ದ. ನಂಬಿಕಸ್ಥ ವ್ಯಾಪಾರಿಗಳಿಗೆ ಕೊಡುವ ಎಲೆಕ್ಟ್ರಾನಿಕ್ ಕಾರ್ಡ್ ಅವನಿಗೂ ಸಿಕ್ಕಿತ್ತು. ಬ್ಯಾಂಕಿನ ಬೀಗದಲ್ಲೇನೂ ಕೊರತೆ ಇರಲಿಲ್ಲ. ಚಾಕೊಲೇಟ್ ಬೇಡ ಅನ್ನೋದು ಕಷ್ಟ, ಅಷ್ಟೇ.

ಹಾಗಂತ ಯಂತ್ರ ಬೇಡವೇ? ಬೇಕು. ತಿರುಗುವ ಗೇಟು ಒಂದು ಕಾರ್ಡಿಗೆ ಒಬ್ಬರನ್ನೇ ಬಿಡುತ್ತದೆ. ಬೆಂಕಿ ಬಿದ್ದಾಗ ಮಾತ್ರ ಅದು ಎಲ್ಲರಿಗೂ ದಾರಿ ಬಿಡಬೇಕು, ಆ ಮಾತು ಬೇರೆ. ಆಂಟಿ-ಪಾಸ್‌ಬ್ಯಾಕ್ ಅಂತ ಇನ್ನೊಂದು ಏರ್ಪಾಡಿದೆ. ಒಳಗೆ ಬರುವಾಗ ಕಾರ್ಡ್ ತೋರಿಸದಿದ್ದರೆ, ಹೊರಗೆ ಹೋಗುವಾಗ ಅದೇ ಕಾರ್ಡಿಗೆ ಬಾಗಿಲು ತೆರೆಯುವುದಿಲ್ಲ. ನನಗೆ ಇದು ಬಹಳ ಇಷ್ಟ. ನಮ್ಮ ದಾಕ್ಷಿಣ್ಯವನ್ನು ಯಂತ್ರ ಹೊತ್ತುಕೊಳ್ಳುತ್ತದೆ. “ಸಾರ್, ನಾನು ಬಿಟ್ಟರೂ ಸಂಜೆ ನೀವೇ ಸಿಕ್ಕಿಹಾಕಿಕೊಳ್ತೀರಿ, ಒಂದ್ಸಲ ಕಾರ್ಡ್ ತೋರಿಸಿಬಿಡಿ” ಅಂದರೆ ಯಾರಿಗೂ ಬೇಜಾರಿಲ್ಲ. ತರಬೇತಿಯಲ್ಲಿ ಈ ಮಾತನ್ನು ಎಲ್ಲರ ಬಾಯಲ್ಲೂ ಹೇಳಿಸಬೇಕು. ಸ್ಲೈಡ್ ಓದಿಸಿದರೆ ಬಾಯಿ ಬರುವುದಿಲ್ಲ.

ಕಾರ್ಡ್ ಕೇಳುವುದಕ್ಕೆ ಜಾಸ್ತಿ ಹೆದರುವವರು ಗೇಟಿನ ಸೆಕ್ಯುರಿಟಿಯವರು. ಎದುರಿಗಿರುವವರು ಸಾಹೇಬರಾದರೆ ನೌಕರಿಯ ಗತಿ ಏನು? ಒಮ್ಮೆ ನಮ್ಮ ದೊಡ್ಡ ಸಾಹೇಬರೇ ಕಾರ್ಡನ್ನು ಮನೆಯಲ್ಲಿ ಮರೆತು ಬಂದರು. ಗೇಟಿನ ಹುಡುಗ ಅಂಜುತ್ತಲೇ ವಿಸಿಟರ್ ರಿಜಿಸ್ಟರನ್ನು ಮುಂದಿಟ್ಟ. ಹಿಂದೆ ನಿಂತಿದ್ದ ನಾವೆಲ್ಲ ಉಸಿರು ಬಿಗಿಹಿಡಿದೆವು. ಸಾಹೇಬರು ಅವನ ಮುಖ ನೋಡಿದರು, ಪೆನ್ನು ಕೇಳಿ ತೆಗೆದುಕೊಂಡರು. ‘ಯಾರನ್ನು ನೋಡಬೇಕು’ ಅನ್ನುವ ಖಾನೆಯಲ್ಲಿ ತಮ್ಮದೇ ಹೆಸರು ಬರೆದರು.